ತಾಮ್ರವಿಲ್ಲದ ನೀರು ಬೇಕಿತ್ತು: ಕೋಲಾರದಲ್ಲಿ ಕೊಂಡ ಒಂದು ಆರ್‌ಒ ಫಿಲ್ಟರ್ ಬಗ್ಗೆ

ಕೋಲಾರದ ಒಂದು ಅಂಗಡಿಯಲ್ಲಿ ಎರಡು ವರ್ಷಗಳ ಹಿಂದೆ 14,500 ರೂಪಾಯಿ ಕೊಟ್ಟು ಕೊಂಡ ಆರ್‌ಒ ಫಿಲ್ಟರಿನ ಬಗ್ಗೆ, ಮತ್ತು ಅದನ್ನು ಮಾರಿ, ಗೋಡೆಗೆ ಕೂರಿಸಿ, ಇಂದಿಗೂ ಸರ್ವಿಸ್ ಮಾಡಿಕೊಡುತ್ತಿರುವ ಅಂಗಡಿಯವರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ನೀರು ಎಷ್ಟು ಸಿಹಿಯಾಗಿದೆ, ಯಂತ್ರ ಅಡುಗೆಮನೆಗೆ ಒಪ್ಪುತ್ತದೆಯೇ, ರಿಯಾಯಿತಿ ಎಷ್ಟು ಸಿಕ್ಕಿತು ಎಂದು ತಿಳಿಯಬೇಕಾದವರಿಗೆ ಇದರಲ್ಲಿ ಹೆಚ್ಚೇನೂ ಸಿಗದು. ನಾವು ಅಂಗಡಿ ಅಂಗಡಿ ಅಲೆದದ್ದು ಒಂದೇ ಬೇಡಿಕೆ ಇಟ್ಟುಕೊಂಡು: ನೀರಿಗೆ ತಾಮ್ರ ಬೆರೆಸದ ಫಿಲ್ಟರ್ ಬೇಕು. ಇಷ್ಟು ಸಣ್ಣ ಬೇಡಿಕೆ ಈಡೇರುವುದು ಇಷ್ಟು ಕಷ್ಟವಾದೀತೆಂದು ಆಗ ಎಣಿಸಿರಲಿಲ್ಲ. ಅಂಗಡಿಯ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ಮುಂದೆ ಬರುವ ಎಡವಟ್ಟು ಯಾವ ಕಂಪನಿಯ ಯಂತ್ರದಲ್ಲಾದರೂ ಆಗಬಹುದಾದದ್ದು. ಅದಕ್ಕಾಗಿ ಒಬ್ಬರನ್ನೇ ಎತ್ತಿ ತೋರಿಸುವುದು ನ್ಯಾಯವಾಗಲಾರದು.

ಮಗನಿಗೆ ಈಗ ಹನ್ನೊಂದು ವರ್ಷ. ಅವನಿಗಿರುವುದು ವಿಲ್ಸನ್ ಕಾಯಿಲೆ. ನಾವು ತಿನ್ನುವ ಕಾಳು, ಬೇಳೆ, ಸೊಪ್ಪು ಎಲ್ಲದರಲ್ಲೂ ತಾಮ್ರ ಅಷ್ಟಿಷ್ಟು ಇದ್ದೇ ಇರುತ್ತದೆ, ದೇಹಕ್ಕೆ ಅದು ಕಿಂಚಿತ್ತು ಬೇಕೂ ಬೇಕು. ಹೆಚ್ಚಾದದ್ದನ್ನು ಲಿವರ್ ಪಿತ್ತರಸದೊಡನೆ ಕರುಳಿಗೆ ಸಾಗಿಸಿ ಹೊರಹಾಕುತ್ತದೆ. ಈ ಸಾಗಣೆಯ ಕೆಲಸಕ್ಕೆ ಬೇಕಾದ ಪ್ರೋಟೀನನ್ನು ಎಟಿಪಿ7ಬಿ ಎಂಬ ಜೀನು ರೂಪಿಸುತ್ತದೆಯಂತೆ; ಅದು ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ದೋಷವಿರುವುದೇ ಬಂದರೆ ತಾಮ್ರ ಲಿವರಿನಲ್ಲೇ ಉಳಿದು, ವರ್ಷಗಟ್ಟಲೆ ಕೂಡಿಕೊಂಡು, ಅದನ್ನು ಒಳಗಿನಿಂದಲೇ ಕೆಡಿಸುತ್ತದೆ, ಆಮೇಲೆ ಮಿದುಳಿಗೂ ಕಣ್ಣಿಗೂ ಸೇರುತ್ತದೆ. ಕಿನ್ನಿಯರ್ ವಿಲ್ಸನ್ ಎಂಬ ನರರೋಗ ತಜ್ಞ 1912ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಕಾಯಿಲೆಗೆ ಆತನ ಹೆಸರು ನಿಂತಿದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ನಾನು ಕೈಹಿಡಿದದ್ದು ನನ್ನ ಸೋದರತ್ತೆಯ ಮಗನನ್ನು. ನಮ್ಮ ಸೀಮೆಯಲ್ಲಿ ಇದು ಹೊಸತೇನಲ್ಲ, ಮನೆಯ ಹೊಲ ಮನೆಯಲ್ಲೇ ಉಳಿಯಲೆಂದು ಹಿರಿಯರು ಮಾಡಿಕೊಂಡು ಬಂದ ಏರ್ಪಾಡು. ಹೊಲದ ಜೊತೆ ಈ ದೋಷದ ಜೀನೂ ಮನೆಯಲ್ಲೇ ಉಳಿಯಿತು. ಒಡಹುಟ್ಟಿದವರಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ವೈದ್ಯರು ಹೇಳಿದಾಗ ಮಗಳಿಗೂ ಪರೀಕ್ಷೆ ಮಾಡಿಸಿದೆವು, ಅವಳಿಗೆ ಇಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಅವನ ಕಣ್ಣು ಹಳದಿಯಾದಾಗ ನಾವು ಮಾಡಿದ್ದು ಸುತ್ತಮುತ್ತಲಿನ ಅನೇಕರು ಮಾಡುವುದನ್ನೇ. ಕಾಮಾಲೆಗೆ ನಾಟಿ ಔಷಧಿ ಕೊಡುವವರೊಬ್ಬರ ಬಳಿಗೆ ಮೂರು ಭಾನುವಾರ ಬೆಳಗಿನ ಜಾವ ಕರೆದುಕೊಂಡು ಹೋಗಿ, ಸೊಪ್ಪಿನ ರಸ ಕುಡಿಸಿ, ಎಣ್ಣೆ ಖಾರ ಬಿಡಿಸಿ ಪಥ್ಯ ಮಾಡಿಸಿದೆವು. ಆ ಮೂರು ವಾರಗಳ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ತೀರಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಬಾತಾಗ ಬೆಂಗಳೂರಿಗೆ ಹೊರಟೆವು. ಅಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ರಕ್ತ ಪರೀಕ್ಷೆ, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಉಂಗುರವೇನಾದರೂ ಇದೆಯೇ ಎಂದು ನೋಡುವ ಪರೀಕ್ಷೆ, 24 ಗಂಟೆಯ ಮೂತ್ರದಲ್ಲಿ ಹೋಗುವ ತಾಮ್ರದ ಅಳತೆ ಎಲ್ಲವೂ ಆದವು. ಮೂತ್ರ ಹಿಡಿಯಲು ಅವರು ಕೊಟ್ಟ ಬಿಳಿ ಕ್ಯಾನಿಗೆ ಲೋಹದ ಸೋಂಕೇ ಇರಬಾರದೆಂದು ನರ್ಸ್ ಎರಡೆರಡು ಸಲ ಎಚ್ಚರಿಸಿದ್ದರು. ಒಂದು ಪಾತ್ರೆಯಿಂದ ಒಂದು ಲೋಹ ಇನ್ನೊಂದಕ್ಕೆ ಕಣ್ಣಿಗೆ ಕಾಣದಂತೆ ಇಳಿಯುತ್ತದೆ ಎಂಬುದು ನನ್ನ ತಲೆಗೆ ಮೊದಲು ಹೊಕ್ಕದ್ದು ಅಂದೇ.

ಅವನಿಗೆ ಪೆನಿಸಿಲಮೈನ್ ಕ್ಯಾಪ್ಸೂಲ್ ಶುರುವಾಯಿತು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆಯ ಮೇಲೆ, ಬರಿಹೊಟ್ಟೆಯಲ್ಲಿ ಕೊಡಬೇಕು. ಅದರ ಜೊತೆಗೆ ದಿನಕ್ಕೊಂದು ಬಿ6 ಮಾತ್ರೆ. ಡಬ್ಬಿ ತೆರೆದರೆ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ಈ ಔಷಧಿ ಮೈಯಲ್ಲಿ ಕೂಡಿದ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಎಳೆದೊಯ್ಯುತ್ತದೆ, ಮತ್ತು ಇದು ಜೀವಮಾನದುದ್ದಕ್ಕೂ ನಡೆಯಬೇಕಾದದ್ದು. ಚೆನ್ನಾಗಿದ್ದೇನೆಂದು ನಡುವೆ ನಿಲ್ಲಿಸಿದವರ ಲಿವರ್ ಇದ್ದಕ್ಕಿದ್ದಂತೆ ಕೈಕೊಟ್ಟಿರುವುದುಂಟು. ಆದ್ದರಿಂದ ಫಿಲ್ಟರಿನ ಕಥೆಗೆ ಹೋಗುವ ಮೊದಲೇ ಇದನ್ನು ಹೇಳಿಬಿಡುತ್ತೇನೆ: ಔಷಧಿ ಮೊದಲು, ಊಟ ನೀರು ಆಮೇಲೆ. ಎಂಥ ಫಿಲ್ಟರ್ ತಂದರೂ ಅದು ಒಂದು ಹೊತ್ತಿನ ಕ್ಯಾಪ್ಸೂಲಿಗೆ ಬದಲಿಯಾಗುವುದಿಲ್ಲ. ನಮ್ಮ ವೈದ್ಯರು ಇದನ್ನು ಪ್ರತಿ ಭೇಟಿಯಲ್ಲೂ ಹೇಳುತ್ತಾರೆ.

ಬೇಡವೆಂದ ಆಹಾರಗಳ ಹಾಳೆಯೊಂದನ್ನೂ ಅವರು ಕೊಟ್ಟರು. ಕುರಿ ಮೇಕೆಯ ಲಿವರ್, ಏಡಿ, ಸಿಗಡಿ, ಅಣಬೆ, ಚಾಕೊಲೇಟು, ಗೋಡಂಬಿ ಬಾದಾಮಿಯಂಥವು. ಇವನ್ನೆಲ್ಲ ಹೇಗೋ ನಿಭಾಯಿಸಬಹುದಿತ್ತು. ಹಾಳೆಯ ಕೊನೆಯ ಸಾಲಿನಲ್ಲಿ ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡಬಾರದು, ನೀರು ಇಡಬಾರದು ಎಂದಿತ್ತು. ಅದನ್ನು ಓದಿ ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆಯ ತವರಿನ ತಾಮ್ರದ ಬಿಂದಿಗೆ ಇತ್ತು. ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ಉಜ್ಜಿ, ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಮನೆಮಂದಿಯೆಲ್ಲ ಒಂದೊಂದು ಲೋಟ ಕುಡಿಯುತ್ತಿದ್ದೆವು. ಮಗನಿಗೆ ಒಳ್ಳೆಯದೆಂದು ಎರಡು ಲೋಟ. ಸಾಲದ್ದಕ್ಕೆ ಗೋಡೆಯ ಮೇಲಿದ್ದ ಹಳೆಯ ಫಿಲ್ಟರನ್ನು ನಾವು ಆರಿಸಿದ್ದೇ ಅದರ ಮುಖದ ಮೇಲೆ ‘ಕಾಪರ್’ ಎಂಬ ಅಕ್ಷರವೂ ಕಿತ್ತಳೆ ಬಣ್ಣದ ದೀಪವೂ ಇದ್ದವೆಂದು.

ಅತ್ತೆಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. “ನಮ್ಮಪ್ಪನ ಕಾಲದಿಂದ ಕುಡ್ಕೊಂಡು ಬಂದಿದ್ದೀವಿ ಕಣೇ, ಯಾರಿಗೆ ಏನಾಗಿದೆ?” ಎಂದರು. ಅದು ನಿಜವೇ; ತಾಮ್ರ ಹೊರಹಾಕುವ ಲಿವರ್ ಸರಿಯಿರುವವರಿಗೆ ಆ ನೀರಿನಿಂದ ಏನೂ ಆಗಬೇಕಾಗಿಲ್ಲ. ಹುಳಿಯನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಇಟ್ಟರೆ ಕಿಲುಬು ಹಿಡಿದು ವಿಷವಾಗುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಅತ್ತೆ. ಹಿತ್ತಾಳೆಯಲ್ಲಿ ಇರುವುದೂ ತಾಮ್ರವೇ ಅಲ್ಲವೇ, ಎಲ್ಲರಿಗೂ ಕಿಲುಬು ಹೇಗೋ ಇವನಿಗೆ ಬರಿಯ ನೀರಿನ ತಾಮ್ರವೂ ಹಾಗೆಯೇ ಎಂದು ಯಜಮಾನರು ಬಿಡಿಸಿ ಹೇಳಿದಾಗ ಅವರು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಬಿಂದಿಗೆ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ದೇವಸ್ಥಾನದಲ್ಲಿ ಪಂಚಪಾತ್ರೆಯಿಂದ ಕೊಡುವ ತೀರ್ಥವನ್ನು ಮೊಮ್ಮಗ ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಂಡರೆ ಸಾಕೆಂಬುದೂ ಅವರೇ ಮಾಡಿದ ಕಾನೂನು. ಸ್ನಾನದ ಹಂಡೆ ಮಾತ್ರ ಇದ್ದಲ್ಲೇ ಇದೆ. ಮೈಮೇಲೆ ಹುಯ್ದುಕೊಳ್ಳುವ ನೀರಿಗೆ ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ್ದಾರೆ.

ಫಿಲ್ಟರೇ ಇಲ್ಲದೆ ಇರಬಹುದಿತ್ತಲ್ಲ ಎಂದು ಮಲೆನಾಡಿನವರು ಕೇಳಬಹುದು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೆ.ಸಿ. ವ್ಯಾಲಿ ಯೋಜನೆಯ ನೀರು, ಎಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, 2018ರಲ್ಲಿ ಬಂದಂದಿನಿಂದ ಕೆರೆಗಳು ತುಂಬಿ ಎಷ್ಟೋ ಕಡೆ ಕೊಳವೆಬಾವಿಗಳಿಗೆ ಜೀವ ಬಂದದ್ದು ಹೌದಾದರೂ, ನೆಲದಾಳದಿಂದ ಬರುವ ನೀರಿನ ಗಡಸುತನ ಹೋಗಿಲ್ಲ, ಫ್ಲೋರೈಡಿನ ಭಯವೂ ಹೋಗಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಹಲ್ಲು ಕಂದಾದ ಮಕ್ಕಳನ್ನು ನೋಡುತ್ತಲೇ ಬೆಳೆದವರು ನಾವು. ಕೊಳವೆಬಾವಿಯ ನೀರನ್ನು ಬರಿದೇ ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದು ಇಲ್ಲಿ ಬಹಳ ಜನಕ್ಕೆ ಗೊತ್ತು. 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವನ್ನು ನಾವು ಎರಡು ತಿಂಗಳು ನಂಬಿದೆವು. ತಾಮ್ರದ ಮಟ್ಟಿಗೆ ಅದು ನಿಶ್ಚಿಂತೆಯದೇ. ಆದರೆ ನಮ್ಮ ಬಡಾವಣೆಯ ಘಟಕ ಕೆಟ್ಟು ನಿಂತರೆ ವಾರಗಟ್ಟಲೆ ನಿಂತೇ ಇರುತ್ತಿತ್ತು. ಹೀಗಾಗಿ ಮನೆಗೇ ಆರ್‌ಒ ಬೇಕಾಯಿತು.

ಅಂಗಡಿಗಳ ಕಥೆ ಕೇಳಿ. ಮೊದಲು ಹೋದ ಮೂರು ಕಡೆಯೂ ನಮ್ಮ ಮಾತು ಪೂರ್ತಿಯಾಗುವ ಮೊದಲೇ ತಾಮ್ರದ ಗುಣಗಾನ ಶುರುವಾಯಿತು. ಜೀರ್ಣಶಕ್ತಿಗೆ ಒಳ್ಳೆಯದು, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಅಜ್ಜಿಯ ಕಾಲದ ಬಿಂದಿಗೆ ಈಗ ಯಂತ್ರದೊಳಗೇ ಬಂದಿದೆ. ಮಗನಿಗೆ ತಾಮ್ರ ಆಗದು ಎಂದರೆ ಒಬ್ಬರು ಅಲರ್ಜಿಯೇ ಎಂದು ಕೇಳಿದರು. ಇನ್ನೊಬ್ಬರು, ಬಹಳ ಸ್ವಲ್ಪ ಇರುತ್ತದೆ, ಏನೂ ಆಗದು ಎಂದು ವೈದ್ಯರ ಪರವಾಗಿ ತಾವೇ ಭರವಸೆ ಕೊಟ್ಟರು. ಮೂರನೆಯವರು ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು, ತಮ್ಮ ಯಂತ್ರದ ನೀರಿನಲ್ಲಿ ಅದ್ದಿ, ಸಂಖ್ಯೆ ಎಷ್ಟು ಕಡಿಮೆಯಿದೆ ನೋಡಿ, ಇದರಲ್ಲಿ ತಾಮ್ರ ಎಲ್ಲಿಂದ ಬರಬೇಕು ಎಂದು ಗೆದ್ದವರಂತೆ ನಕ್ಕರು. ಆ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆದು, ಕರಗಿರುವ ಒಟ್ಟು ಲವಣಗಳ ಅಂದಾಜು ಕೊಡುತ್ತದೆ. ಅದರಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು, ತಾಮ್ರವೆಷ್ಟು ಎಂದು ಅದು ಬಿಡಿಸಿ ಹೇಳಲಾರದು. ತಾಮ್ರದ ಲೆಕ್ಕ ಬೇಕಿದ್ದರೆ ನೀರನ್ನು ಪ್ರಯೋಗಾಲಯಕ್ಕೇ ಕಳಿಸಬೇಕು. ನಾವು ಹಳೆಯ ಫಿಲ್ಟರಿನ ನೀರನ್ನು ಬೆಂಗಳೂರಿನ ಲ್ಯಾಬಿಗೆ ಕೊಟ್ಟು ನೋಡಿದ್ದೆವು. ವಿಲ್ಸನ್ ಇರುವವರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.1 ಮಿಲಿಗ್ರಾಂಗಿಂತ ಹೆಚ್ಚಿರಬಾರದೆಂಬ ಸಲಹೆಯಿದೆ. ನಮ್ಮದು ಆ ಗೆರೆಯನ್ನು ದಾಟಿತ್ತು. ಮಾನಕದ ಪ್ರಕಾರ ಮಿಕ್ಕವರಿಗೆ 1.5ರವರೆಗೂ ಸಹ್ಯವಾದ್ದರಿಂದ ಕಂಪನಿಯದು ತಪ್ಪೆನ್ನುವಂತಿರಲಿಲ್ಲ. ನಮ್ಮ ಮನೆಗೆ ಅದು ಆಗದ ನೀರು, ಅಷ್ಟೆ.

ನಾಲ್ಕನೆಯದಾಗಿ ಹೋದದ್ದು ಈ ಅಂಗಡಿಗೆ. ಒಂದು ಶಟರ್‌ನ ಸಣ್ಣ ಜಾಗ. ಮಾಲೀಕರು ಅರವತ್ತು ದಾಟಿದವರು, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುವವರು. ನಾವು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಅವರು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ, “ತಾಮ್ರ ಇಲ್ಲದ್ದು ನನ್ನ ಹತ್ರ ಈಗ ಸ್ಟಾಕ್ ಇಲ್ಲಮ್ಮ. ಇರೋದನ್ನ ಇಲ್ಲ ಅಂತ ಹೇಳಿ ಕೊಡಲ್ಲ. ನಾಲ್ಕು ದಿನ ಟೈಮ್ ಕೊಡಿ” ಎಂದರು. ಅಷ್ಟು ಹೇಳಿ ಸುಮ್ಮನಾಗದೆ, ಪ್ರದರ್ಶನಕ್ಕಿಟ್ಟಿದ್ದ ಒಂದು ಯಂತ್ರದ ಮುಂದಿನ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿ, ನೀರು ಹೋಗುವ ದಾರಿಯನ್ನು ಬೆರಳಿನಲ್ಲಿ ತೋರಿಸಿದರು. ಇಲ್ಲಿ ಮಣ್ಣು ಕಸ ಹಿಡಿಯುವ ಕ್ಯಾಂಡಲ್, ಇಲ್ಲಿ ಇದ್ದಿಲಿನದು, ಇದು ಕರಗಿದ ಲವಣ ತಡೆಯುವ ಮೆಂಬ್ರೇನ್, ಇದು ಕ್ರಿಮಿ ಕೊಲ್ಲುವ ಯುವಿ ದೀಪದ ಸ್ಟೀಲ್ ಕೊಳವೆ. ಮೆಂಬ್ರೇನಿನಿಂದ ಹೊರಬಂದ ನೀರಿನ ದಾರಿಯಲ್ಲಿ ಬೆರಳು ಒಂದು ಸಣ್ಣ ಬಿಳಿ ಉರುಳೆಯ ಮೇಲೆ ನಿಂತಿತು. “ನಿಮ್ಮ ಶತ್ರು ಇವನೇ” ಎಂದರು. ಬಾವಿಯ ನೀರಿನಲ್ಲಿ ತಾಮ್ರವಿದ್ದರೂ ಮೆಂಬ್ರೇನ್ ಅದರ ಬಹುಪಾಲನ್ನು ಹೊರಗೆ ಹಾಕುತ್ತದೆ. ಹಾಗೆ ತೆಗೆದಾದ ಮೇಲೆ ಮತ್ತೆ ಹೊಸದಾಗಿ ಸೇರಿಸುವುದು ಆ ಉರುಳೆಯ ಕೆಲಸ. ಲಕ್ಷಣವಾಗಿ ಗುಡಿಸಿದ ಮನೆಯಲ್ಲಿ ಕೊನೆಗೊಂದು ಹಿಡಿ ಮಣ್ಣು ಎರಚಿದ ಹಾಗೆ ಎಂದು ನನಗನ್ನಿಸಿತು, ಹೇಳಲಿಲ್ಲ.

ಇನ್ನೂ ಎರಡು ವಿಷಯಗಳನ್ನು ಅವರಾಗಿಯೇ ಎತ್ತಿದರು, ಮತ್ತು ಈ ಅಂಗಡಿಗೆ ನಾನು ಹೆಚ್ಚು ಅಂಕ ಕೊಡುವುದು ಇವುಗಳಿಗಾಗಿಯೇ. ಸಿಂಕಿನ ಕೆಳಗೆ ಅಡಗಿಸಿಡುವ ಮಾದರಿ ನೋಡಲು ಚೆಂದವೆಂದು ಯಜಮಾನರು ಅದರತ್ತ ವಾಲಿದ್ದರು. ಅದು ನಿಮಗೆ ಬೇಡ ಎಂದರು. ಅದರ ಮೇಲೆ ಬರುವ ಹೊಳಪಿನ ಬಾಗುನಲ್ಲಿ ಬಹುತೇಕ ಒಳಗೆ ಹಿತ್ತಾಳೆಯೇ, ಹೊರಗೆ ಮಾತ್ರ ಕ್ರೋಮ್ ಲೇಪ. ಲವಣ ತೆಗೆದ ಆರ್‌ಒ ನೀರು ಲೋಹವನ್ನು ಸಾಮಾನ್ಯ ನೀರಿಗಿಂತ ಬೇಗ ತಿನ್ನುತ್ತದಾದ್ದರಿಂದ, ರಾತ್ರಿಯಿಡೀ ಆ ನಲ್ಲಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲ ಲೋಟಕ್ಕೆ ಹಿಡಿದರೆ ಮಾಡಿದ ಖರ್ಚೆಲ್ಲ ವ್ಯರ್ಥ. ಪ್ಲಾಸ್ಟಿಕ್ ನಲ್ಲಿಯ, ಗೋಡೆಗೆ ತೂಗುಹಾಕುವ ಮಾದರಿಯನ್ನೇ ತೆಗೆದುಕೊಳ್ಳಿ ಎಂದರು. ಅದರ ಬೆಲೆ ಕಡಿಮೆಯೂ ಆಗಿತ್ತು. ಎರಡನೆಯದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಗುಣಿ. ಆರ್‌ಒ ನೀರು ಸಪ್ಪೆ ಎನ್ನುವವರಿಗಾಗಿ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸಿ ರುಚಿ ತರುವ ಏರ್ಪಾಡು ಅದು. ರುಚಿಯ ಜೊತೆ ಬಾವಿಯ ಫ್ಲೋರೈಡೂ ಅಷ್ಟರಮಟ್ಟಿಗೆ ಹಿಂದಿರುಗುತ್ತದೆ. ಕೂರಿಸುವ ದಿನ ಅದನ್ನು ನಮ್ಮ ಕಣ್ಣೆದುರಿಗೇ ಪೂರ್ತಿ ಮುಚ್ಚಿಸಿದರು. ನೀರು ಸಪ್ಪೆಯೇ, ಮೊದಲ ತಿಂಗಳು ಮಗಳು ಮುಖ ಸಿಂಡರಿಸಿದಳು, ಈಗ ನೆಂಟರ ಮನೆಯ ನೀರೇ ಉಪ್ಪು ಎನ್ನುತ್ತಾಳೆ.

ನಾಲ್ಕು ದಿನವೆಂದದ್ದು ಒಂಬತ್ತು ದಿನವಾಯಿತು. ಬಂದ ಯಂತ್ರದ ಬಗ್ಗೆ ಹೇಳುವುದಾದರೆ, ಕೆಲಸ ಸುಮಾರಾಗಿ ಚೆನ್ನಾಗಿ ಮಾಡುತ್ತದೆ. ಎಂಟು ಲೀಟರಿನ ಟ್ಯಾಂಕು ಐದು ಜನರ ಮನೆಗೆ ಸಾಲುತ್ತದೆ, ಬೇಸಿಗೆಯಲ್ಲಿ ಕರೆಂಟ್ ಹೋದ ದಿನ ಮಾತ್ರ ಒದ್ದಾಟ. ಕುಡಿಯಲು ಸಿಗುವ ನೀರಿಗಿಂತ ಹೊರಗೆ ಹೋಗುವ ನೀರೇ ಜಾಸ್ತಿ. ನೀರಿಗೆ ಅಂಗಲಾಚುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸಾಗದೆ ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸುತ್ತೇವೆ. ಮೋಟಾರಿನ ಗುಂಯ್‌ಗುಡುವ ಸದ್ದು ರಾತ್ರಿ ಹೊತ್ತು ಹಜಾರದವರೆಗೂ ಕೇಳುತ್ತದೆ. ನಲ್ಲಿಯ ಧಾರೆ ಸಣ್ಣದು. ಮೂರು ತಿಂಗಳ ಮೇಲೆ ಮತ್ತೆ ಲ್ಯಾಬಿಗೆ ನೀರು ಕಳಿಸಿದಾಗ ತಾಮ್ರ 0.1ರ ಗೆರೆಗಿಂತ ಬಹಳ ಕೆಳಗಿತ್ತು, ಫ್ಲೋರೈಡೂ ಮಿತಿಯೊಳಗಿತ್ತು. ವರದಿಯನ್ನು ಅಂಗಡಿಗೆ ಒಯ್ದು ತೋರಿಸಿದೆ. ಮಾಲೀಕರು ಕನ್ನಡಕ ಏರಿಸಿ ಓದಿ, ಅದರದೊಂದು ಜೆರಾಕ್ಸ್ ಕೇಳಿ ಇಟ್ಟುಕೊಂಡರು.

ಎಡವಟ್ಟಾದದ್ದು ಮೊದಲ ವರ್ಷದ ಸರ್ವಿಸಿನಲ್ಲಿ. ಕಂಪನಿಯೊಡನೆ ವರ್ಷಕ್ಕೆ 4,000 ರೂಪಾಯಿಯ ಎಎಂಸಿ, ಎಂದರೆ ವಾರ್ಷಿಕ ಸರ್ವಿಸ್ ಒಪ್ಪಂದ, ಮಾಡಿಸಿದ್ದೆವು. ಅಂದು ನಾನು ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ, ಮನೆಯಲ್ಲಿ ಅತ್ತೆ ಒಬ್ಬರೇ. ಕಂಪನಿಯ ಕಡೆಯಿಂದ ಬಂದ ಸರ್ವಿಸ್ ಹುಡುಗ ಕ್ಯಾಂಡಲುಗಳನ್ನೆಲ್ಲ ಬದಲಾಯಿಸಿ, ಕೈ ತೊಳೆದು, ಅತ್ತೆ ಕೊಟ್ಟ ಕಾಫಿ ಕುಡಿದು ಹೋಗಿದ್ದ. ಮೂರು ವಾರ ಕಳೆದು ಹಬ್ಬಕ್ಕೆಂದು ಅಡುಗೆಮನೆ ಒರೆಸುತ್ತ ಫಿಲ್ಟರಿನ ಮುಚ್ಚಳ ತೆಗೆದೆ. ಮೆಂಬ್ರೇನಿನ ಪಕ್ಕದಲ್ಲಿ, ಮೊದಲು ಖಾಲಿಯಿದ್ದ ಹಿಡಿಕೆಯಲ್ಲಿ, ಹೊಚ್ಚಹೊಸ ಬಿಳಿ ಉರುಳೆಯೊಂದು ಕೂತಿತ್ತು. ಅದರ ಸುತ್ತ ಕಿತ್ತಳೆ ಬಣ್ಣದ ಸ್ಟಿಕ್ಕರ್, ಅದರ ಮೇಲೆ ಅದೇ ‘ಕಾಪರ್’ ಎಂಬ ಅಕ್ಷರ. ಕೈಯಲ್ಲಿದ್ದ ಒದ್ದೆ ಬಟ್ಟೆ ಎಲ್ಲಿ ಬಿತ್ತೋ ತಿಳಿಯದು. ನಾನು ಮೊದಲು ಮಾಡಿದ ಕೆಲಸವೆಂದರೆ ಪ್ಲಗ್ ಕಿತ್ತದ್ದು, ಎರಡನೆಯದು ಮಗನ ಶಾಲೆಯ ಬಾಟಲಿಯಲ್ಲಿದ್ದ ನೀರನ್ನು ಸಿಂಕಿಗೆ ಸುರಿದದ್ದು, ಸುರಿದರೆ ಏನು ಬಂತು ಎಂದು ತಿಳಿದೂ ತಿಳಿದೂ.

ವೈದ್ಯರಿಗೆ ಫೋನ್ ಮಾಡಿದೆ. ಔಷಧಿ ಒಂದು ಹೊತ್ತೂ ತಪ್ಪಿಲ್ಲವೇ ಎಂದು ಕೇಳಿದರು. ತಪ್ಪಿಲ್ಲ ಎಂದೆ. ಹಾಗಿದ್ದರೆ ಹೆದರಬೇಡಿ, ಅದನ್ನು ತೆಗೆಸಿ, ಮುಂದಿನ ಸಲ ಬಂದಾಗ ಮೂತ್ರದ ತಾಮ್ರವನ್ನೂ ಲಿವರ್ ಪರೀಕ್ಷೆಯನ್ನೂ ನೋಡೋಣ ಎಂದರು. ನೋಡಿದರು, ವ್ಯತ್ಯಾಸವೇನೂ ಇರಲಿಲ್ಲ. ಆದರೆ ಆ ಫೋನಿಗೂ ವರದಿಗೂ ನಡುವಿನ ಐದು ವಾರ ಮಗನ ಕಣ್ಣನ್ನು ದಿನಾ ಬೆಳಕಿಗೆ ಹಿಡಿದು ನೋಡಿದ್ದೇನೆ, ಅವನಿಗೆ ರೇಗಿಹೋಗಿತ್ತು.

ಕಂಪನಿಯ ಸಹಾಯವಾಣಿಯ ಮಟ್ಟಿಗೆ ನನ್ನ ಅನುಭವ ಕಹಿಯೇ. ಮೂರು ಸಲ ದೂರು ಬರೆಸಿದೆ. ಮೂರು ಸಲವೂ ಬೇರೆ ಬೇರೆಯವರು, ಪ್ರತಿಯೊಬ್ಬರಿಗೂ ಕಥೆ ಮೊದಲಿನಿಂದ. ಕೊನೆಯಲ್ಲಿ ಸಿಕ್ಕ ಉತ್ತರ, ಅದು ಗ್ರಾಹಕರಿಗೆ ಉಚಿತವಾಗಿ ಕೊಟ್ಟ ಹೆಚ್ಚುವರಿ ಸೌಲಭ್ಯ ಎಂಬುದು. ತಾಮ್ರವಿಲ್ಲದ ಮಾದರಿಯ ಒಳಗೂ ತಾಮ್ರ ಕೂರಿಸುವ ಜಾಗವನ್ನು ಬಿಟ್ಟೇ ತಯಾರಿಸಿರುತ್ತಾರೆ, ಸರ್ವಿಸಿಗೆ ಬರುವವರು ಆ ಜಾಗ ಖಾಲಿ ಕಂಡರೆ ತುಂಬುತ್ತಾರೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಒಳ್ಳೆಯದನ್ನೇ ಮಾಡಿದೆನೆಂದುಕೊಂಡಿದ್ದ.

ಅಂಗಡಿಯ ಮಾಲೀಕರು ಮಾತ್ರ ವಿಷಯ ಕೇಳಿದ ಸಂಜೆಯೇ ಸ್ಕೂಟರಿನಲ್ಲಿ ತಾವೇ ಬಂದರು. ಯಂತ್ರ ಮಾರಿದ್ದು ಅವರಾದರೂ ಸರ್ವಿಸ್ ಮಾಡಿದ್ದು ಅವರಲ್ಲ, ಹಾಗೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. “ನಾನು ಅವತ್ತೇ ಇದನ್ನ ಮಾಡಬೇಕಾಗಿತ್ತಮ್ಮ, ತಪ್ಪು ನಂದೇ” ಎಂದು, ಉರುಳೆಯನ್ನು ಕಿತ್ತು, ಅದು ಕೂರುವ ಹಿಡಿಕೆಯನ್ನೂ ಕಟ್ ಮಾಡಿ ತೆಗೆದು, ಹಿಂದಿನ ಕೊಳವೆಯಿಂದ ಮುಂದಿನ ಕೊಳವೆಗೆ ನೇರವಾಗಿ ಒಂದು ಬಿಳಿ ಪೈಪ್ ಜೋಡಿಸಿದರು. ಇನ್ನು ಯಾರೇ ಬರಲಿ, ಕೂರಿಸಲು ಅಲ್ಲಿ ಜಾಗವೇ ಇಲ್ಲ. ಟ್ಯಾಂಕನ್ನು ಮೂರು ಸಲ ತುಂಬಿಸಿ ಖಾಲಿ ಮಾಡಿದರು. ಆಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಮುಚ್ಚಳದ ಒಳಮೈಯಲ್ಲಿ ದೊಡ್ಡ ಅಕ್ಷರದಲ್ಲಿ ‘ಇಲ್ಲಿ ಕಾಪರ್ ಹಾಕಬಾರದು, ಮಗುವಿಗೆ ಲಿವರ್ ತೊಂದರೆ’ ಎಂದು ಕನ್ನಡದಲ್ಲೂ, ಕೆಳಗೆ ತೆಲುಗಿನಲ್ಲೂ ಬರೆದರು. ಸರ್ವಿಸಿಗೆ ಬರುವ ಹುಡುಗರಲ್ಲಿ ಕೆಲವರು ಗಡಿಯಾಚೆ ಪಲಮನೇರಿನ ಕಡೆಯವರಂತೆ. ಹಣ ಕೊಡಲು ಹೋದರೆ ಪೈಪಿನ 60 ರೂಪಾಯಿ ಮಾತ್ರ ತೆಗೆದುಕೊಂಡರು. ಅಂದಿನಿಂದ ಕಂಪನಿಯ ಎಎಂಸಿ ಬಿಟ್ಟು ಅವರಿಂದಲೇ ಸರ್ವಿಸ್ ಮಾಡಿಸುತ್ತಿದ್ದೇವೆ. ಅವರ ಬಿಲ್ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಕೆಂಪು ಶಾಯಿಯ ಒಂದು ಗುಂಡು ಸುತ್ತು ಇದೆ, ಅದನ್ನು ನಾನೇ ನೋಡಿದ್ದೇನೆ.

ಅವರಲ್ಲಿ ಕುಂದೇ ಇಲ್ಲವೆಂದಲ್ಲ. ಹೇಳಿದ ದಿನಕ್ಕೆ ಬರುವ ಪದ್ಧತಿ ಇಲ್ಲ, ಫೋನ್ ಎತ್ತುವುದು ಅವರ ಇಷ್ಟ, ಯುಗಾದಿಯ ವಾರ ಅಂಗಡಿಯೇ ತೆರೆಯುವುದಿಲ್ಲ. ಮೆಂಬ್ರೇನ್ ಹೊರಗೆ ಸಿಗುವುದಕ್ಕಿಂತ ಅವರಲ್ಲಿ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು. ಯಂತ್ರಕ್ಕೆ ಐದರಲ್ಲಿ ಮೂರು, ಕಂಪನಿಯ ಸರ್ವಿಸಿಗೆ ಒಂದು, ಅಂಗಡಿಗೆ ನಾಲ್ಕು ಅಂಕ ಕೊಡುತ್ತೇನೆ. ನಮ್ಮಂಥ ಕಾರಣವಿದ್ದು ಫಿಲ್ಟರ್ ಕೊಳ್ಳಲು ಹೋಗುವವರು ಡಬ್ಬದ ಮೇಲಿನ ಬರಹವನ್ನು ನಂಬಿ ತರಬೇಡಿ, ಮುಚ್ಚಳ ಬಿಚ್ಚಿಸಿ ನೋಡಿ, ಮೆಂಬ್ರೇನ್ ಆದ ಮೇಲೆ ನೀರು ಯಾವುದರ ಮೂಲಕ ಹಾದು ಲೋಟಕ್ಕೆ ಬೀಳುತ್ತದೆಂದು ಕೇಳಿ. ಬಿಚ್ಚಿ ತೋರಿಸಲು ಬೇಸರಪಡುವ ಅಂಗಡಿಯಾದರೆ ಮುಂದಿನ ಅಂಗಡಿಗೆ ನಡೆಯಿರಿ. ಮದುವೆ ಗೃಹಪ್ರವೇಶಗಳಲ್ಲಿ ಈಗ ತಾಂಬೂಲದ ಜೊತೆ ತಾಮ್ರದ ಬಾಟಲಿಯನ್ನೇ ಕೊಡುತ್ತಿದ್ದಾರೆ, ಅದರ ಮೇಲೂ ಒಂದು ಕಣ್ಣಿಡಿ; ನಮ್ಮಲ್ಲಿ ಆರು ಸೇರಿವೆ, ಅತ್ತೆ ಅವುಗಳಲ್ಲಿ ಎಣ್ಣೆ ಬತ್ತಿಯ ಸಾಮಾನು ಇಡುತ್ತಾರೆ.

ಹೋದ ಭಾನುವಾರ ಎರಡನೆಯ ವರ್ಷದ ಸರ್ವಿಸಿಗೆ ಅಂಗಡಿಯಿಂದ ಹೊಸ ಹುಡುಗ ಬಂದಿದ್ದ. ಮುಚ್ಚಳ ತೆಗೆದವನೇ ನೇರ ಪೈಪನ್ನು ನೋಡಿ, “ಇಲ್ಲೊಂದು ಕ್ಯಾಂಡಲ್ ಮಿಸ್ ಆಗಿದೆ ಅಕ್ಕಾ” ಎಂದ. ನಾನು ಬಾಯಿ ತೆರೆಯುವ ಮೊದಲೇ ಹಜಾರದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗ ಎದ್ದು ಬಂದು, ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡು, ತಿರುಗಿಸಿ ಹಿಡಿದು, “ಮಿಸ್ ಆಗಿಲ್ಲ ಅಣ್ಣ, ತೆಗೆದಿರೋದು. ಓದಿ” ಎಂದ. ಹುಡುಗ ಓದಿದ. ಚೀಲದಿಂದ ಹೊರಗೆ ತೆಗೆದಿಟ್ಟಿದ್ದ ಉರುಳೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಬಿಲ್ಲಿನಲ್ಲಿ ಮಾತ್ರ ಅದರ 450 ರೂಪಾಯಿಯನ್ನು ಸೇರಿಸಿಯೇ ಬರೆದಿದ್ದ. ಅಂಗಡಿಗೆ ಫೋನ್ ಮಾಡಿ ಕಡಿಮೆ ಮಾಡಿಸಿಕೊಂಡೆವು.